ತಂತಿ ಹೊಲಿಗೆಯ ಬಟ್ಟಲು

ನವೆಂಬರ್ 3, ಭಾನುವಾರ

ಇದು 2022ರ ಡೈರಿ. ಬಕೆಟ್ ಸಪ್ಲೈ ಮಾಡುವ ಕಂಪನಿಯವರು ಆ ವರ್ಷ ಅಂಗಡಿಗೆ ಕೊಟ್ಟದ್ದಂತೆ. ಅಂಗಡಿ ನೋಡಿಕೊಳ್ಳುವ ಕೊರಗಪ್ಪಣ್ಣ ಕವರ್ ಸಹ ತೆಗೆಯದೆ ಕಪಾಟಿನಲ್ಲಿ ಇಟ್ಟಿದ್ದರು. ಇವತ್ತು ನನ್ನ ಎದುರು ಬಿಸಾಡಿ, "ನಿನ್ನ ಬಾಯಿ ಸುಮ್ಮನೆ ಇರುದಿಲ್ಲ. ಇದ್ರಲ್ಲಿ ಬರಿ. ನನ್ನ ಕಿವಿಗಾದ್ರೂ ಒಂದು ರಜೆ ಸಿಗ್ಲಿ" ಅಂದರು. ತಾರೀಕು ಸರಿ, ವಾರ ತಪ್ಪು. ಪ್ರತಿ ಪುಟದಲ್ಲಿ ವಾರ ಹೊಡೆದು ಹಾಕಬೇಕು. ನಾವು ಮಾತಾಡುವುದು ತುಳು, ಬರೆಯಲು ಬರುವುದು ಕನ್ನಡ. ಹತ್ತನೇ ಕ್ಲಾಸಿನ ನಂತರ ಇಷ್ಟು ಸಾಲು ಒಟ್ಟಿಗೆ ಬರೆದದ್ದು ಇದೇ ಮೊದಲು.

ಕಡಲಾಚೆಯ ಈ ಅರಬರ ಊರು ಇಬ್ರಿಗೆ ಬಂದು ಎಂಟು ತಿಂಗಳಾಯಿತು. ನಮ್ಮದು ಮನೆಸಾಮಾನಿನ ಅಂಗಡಿ. ಬಕೆಟ್, ಮಗ್, ಚಾಪೆ, ಫ್ಲಾಸ್ಕ್, ಮೆಲಮೈನ್ ತಟ್ಟೆ. ಬೆಳಿಗ್ಗೆ ಹೊರಗೆ ಜೋಡಿಸುವುದು, ರಾತ್ರಿ ಒಳಗೆ ಜೋಡಿಸುವುದು. ನನಗೆ ಆಗುವುದಿಲ್ಲ. ಊರಲ್ಲೂ ಹಾಗೆ. ಉಡುಪಿಯ ಹೋಟೆಲಿನಲ್ಲಿ ಮೂರು ತಿಂಗಳು, ಗ್ಯಾರೇಜಿನಲ್ಲಿ ಐದು, ಮುಲ್ಕಿಯ ಮೊಬೈಲ್ ಅಂಗಡಿಯಲ್ಲಿ ಎರಡು. ಅಮ್ಮ ಹೇಳುವುದು, "ನೀನು ತೊಟ್ಟಿಲಲ್ಲೂ ನಿಂತುಕೊಂಡೇ ಇದ್ದೆ."

ಇವತ್ತು ಸೊಹಾರ್‌ನಿಂದ ಶೈಲೇಶಣ್ಣ ಫೋನ್ ಮಾಡಿದ. ನನ್ನ ದೊಡ್ಡಮ್ಮನ ಮಗ. ಅವನ ಅಲ್ಯುಮಿನಿಯಂ ಕಂಪನಿಯಲ್ಲಿ ಒಂದು ಹೆಲ್ಪರ್ ಜಾಗ ಇದೆಯಂತೆ. ಕಂಪನಿಯ ರೂಮು, ಕಂಪನಿಯ ಬಸ್ಸು, ಎರಡು ವರ್ಷದಲ್ಲಿ ಆಪರೇಟರ್. ಡಿಸೆಂಬರ್ ಒಂದಕ್ಕೆ ಅವರ ವ್ಯಾನು ಇಬ್ರಿಯಿಂದ ನಾಲ್ಕು ಜನರನ್ನು ಕರೆದುಕೊಂಡು ಹೋಗುತ್ತದೆ. ಅಷ್ಟರಲ್ಲಿ ನನ್ನ ಕೈಯಲ್ಲಿ ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ, ರಿಲೀಸ್ ಲೆಟರ್ ಇರಬೇಕು.

ಸಂಜೆ ಅಂಗಡಿಯ ಯಜಮಾನರು, ಅರ್ಬಾಬ್ ಹಮೂದ್, ಬಂದಾಗ ಕೇಳಿಯೇ ಬಿಟ್ಟೆ. ಕೊರಗಪ್ಪಣ್ಣ ಹಿಂದಿನಿಂದ ಚಿವುಟಿದರು. ಅರ್ಬಾಬ್ ಸಿಟ್ಟಾಗಲಿಲ್ಲ. ಸೂಕಿನ, ಅಂದರೆ ಇಲ್ಲಿನ ಪೇಟೆಯ, ಹಿಂದೆ ಅವರದೊಂದು ಹಳೇ ಮಣ್ಣಿನ ಮನೆ ಇದೆ. ಅದನ್ನು ಟೂರಿಸ್ಟರಿಗೆ ಗೆಸ್ಟ್‌ಹೌಸ್ ಮಾಡುತ್ತಿದ್ದಾರೆ. ನೂರು ವರ್ಷದ ಹಿಂದಿನ ಅಡುಗೆಮನೆ ಹೇಗಿತ್ತೋ ಹಾಗೇ ಒಂದು ಕೋಣೆ ಬೇಕಂತೆ. ಸಾಮಾನೆಲ್ಲ ಅಲ್ಲೇ ಉಂಟು, ತೊಳೆದು ಜೋಡಿಸಬೇಕು. "ಡಿಸೆಂಬರ್ ಐದಕ್ಕೆ ಮೊದಲ ಗೆಸ್ಟ್. ನೀನು ಕೋಣೆ ಮುಗಿಸು, ನಾನು ಲೆಟರ್ ಕೊಡ್ತೇನೆ. ಖಲಾಸ್" ಅಂದರು.

ಒಂದು ಕೋಣೆ ತೊಳೆಯಲು ಎಷ್ಟು ದಿನ ಬೇಕು? ನಾಲ್ಕು ದಿನ ಸಾಕು.

ನವೆಂಬರ್ 5, ಮಂಗಳವಾರ

ನಾಲ್ಕು ದಿನ ಸಾಕಾಗುವುದಿಲ್ಲ.

ಆ ಮನೆಯಲ್ಲಿ ಯಾರೂ ಯಾವುದನ್ನೂ ಬಿಸಾಡಿಯೇ ಇಲ್ಲ. ತಾಮ್ರದ ಹಂಡೆಗೆ ಮೂರು ತೇಪೆ, ತೇಪೆಯ ಮೇಲೆ ಇನ್ನೊಂದು ತೇಪೆ. ನೀರು ತುಂಬುವ ಆಡಿನ ಚರ್ಮದ ಚೀಲಕ್ಕೆ ಹೊಲಿಗೆ. ಖರ್ಜೂರದ ಗರಿಯ ಚಾಪೆಯ ಅಂಚಿಗೆ ಹಳೇ ಲಂಗದ ಬಟ್ಟೆ. ಸೀಮೆಎಣ್ಣೆ ಡಬ್ಬ ಕತ್ತರಿಸಿ ಮಾಡಿದ ದೀಪ, ಅದೇ ಡಬ್ಬದ ಉಳಿದ ತಗಡಿನಿಂದ ಮಾಡಿದ ಒಂದು ಸೌಟು. ಒಂದು ಮರದ ಪೆಟ್ಟಿಗೆ ತುಂಬ ಬರೀ ಹಗ್ಗದ ತುಂಡು, ಒಂದು ಗೇಣಿಗಿಂತ ಉದ್ದ ಯಾವುದೂ ಇಲ್ಲ. ನಮ್ಮ ಅಂಗಡಿಯಲ್ಲಿ ಬಕೆಟಿನ ಹಿಡಿ ತುಂಡಾದರೆ ಬಕೆಟೇ ಹೊರಗೆ.

ಅಲ್ಲೊಬ್ಬರು ಅಜ್ಜಿ ಕೂತಿರುತ್ತಾರೆ. ಅರ್ಬಾಬರ ತಾಯಿ, ಝುವೈನಾ. ಎಂಬತ್ತರ ಮೇಲಾಗಿರಬೇಕು. ಅವರು ಈಗ ಇರುವ ಮನೆ ಹಿಂದಿನ ಬೀದಿಯಲ್ಲಿ, ಆದರೂ ಬೆಳಿಗ್ಗೆ ಬಂದು ಇಲ್ಲಿ ಬಾಗಿಲ ಹತ್ತಿರ ಕೂರುತ್ತಾರೆ. ಎಲ್ಲರೂ ಅವರನ್ನು ಮಾಮಾ ಅನ್ನುತ್ತಾರೆ, ಇಲ್ಲಿ ಹಾಗೆಂದರೆ ಅಮ್ಮ, ನಾನೂ ಹಾಗೇ ಕರೆಯುತ್ತೇನೆ. ಅವರ ಮಾತು ಅರ್ಧ ಅರಬಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆ. ಇದೆಲ್ಲ ಅವರ ಅಜ್ಜಿ ಮದುವೆಯಾಗಿ ಬಂದಾಗಿನ ಸಾಮಾನಂತೆ.

"ಇಷ್ಟು ಹಗ್ಗದ ತುಂಡು ಯಾಕೆ ಮಾಮಾ?" ಕೇಳಿದೆ.

"ನಿನ್ನ ಹತ್ತಿರ ಉದ್ದ ಹಗ್ಗ ಇದ್ಯಾ?"

"ಇಲ್ಲ."

"ನನ್ನ ಹತ್ತಿರ ಇದೆ. ಗಂಟು ಹಾಕಲು ಬಾಕಿ, ಅಷ್ಟೇ."

ನವೆಂಬರ್ 6, ಬುಧವಾರ

ಇಡೀ ದಿನ ಹಂಡೆ ಉಜ್ಜಿದೆ. ಭುಜ ನೋವು. ಶೈಲೇಶಣ್ಣ ವಾಟ್ಸಾಪಿನಲ್ಲಿ ಕಂಪನಿ ರೂಮಿನ ಫೋಟೊ ಕಳಿಸಿದ. ಏಸಿ, ಆರು ಮಂಚ. ಇನ್ನು ಇಪ್ಪತ್ತೈದು ದಿನ.

ನವೆಂಬರ್ 9, ಶನಿವಾರ

ಒಂದು ಗೋಣಿಯಲ್ಲಿ ಖರ್ಜೂರದ ಬೀಜ ಇತ್ತು. ಬಿಸಾಡಲೆಂದು ಹೊತ್ತುಕೊಂಡೆ. ಮಾಮಾ ಕೋಲು ಅಡ್ಡ ಹಿಡಿದರು. ಅವರ ಅಜ್ಜಿ ಬೀಜವನ್ನು ಒಣಮೀನಿನ ಜೊತೆ ಬೇಯಿಸಿ ದನಕ್ಕೆ ಹಾಕುತ್ತಿದ್ದರಂತೆ. "ಹಣ್ಣು ನಾವು ತಿಂದೆವು, ಬೀಜ ದನ ತಿಂತು, ಹಾಲು ಮತ್ತೆ ನಮಗೇ ಬಂತು. ಬಿಸಾಡುವುದು ಅಂದ್ರೆ ಎಲ್ಲಿಗೆ?" ಅಂದರು.

ಈಗ ದನ ಎಲ್ಲಿದೆ ಎಂದು ಕೇಳಲಿಲ್ಲ. ಕೇಳಿದರೆ ಇನ್ನೊಂದು ಕತೆ ಹೇಳುತ್ತಾರೆ, ಅದಕ್ಕೆ ಅರ್ಧ ಗಂಟೆ. ಅವರು ಮಧ್ಯಾಹ್ನದ ನಮಾಜಿಗೆ ಮನೆಗೆ ಹೋಗುತ್ತಾರೆ. ಆ ಹೊತ್ತಿನಲ್ಲೇ ಬೇಗ ಬೇಗ ಖಾಲಿ ಮಾಡಬೇಕು. ಹಾಗಾದರೆ ಮಾತ್ರ ಇದು ಮುಗಿಯುತ್ತದೆ.

ನವೆಂಬರ್ 11, ಸೋಮವಾರ

ಏನು ಬರೆಯುವುದು.

ಮಧ್ಯಾಹ್ನ ಮಾಮಾ ಮನೆಗೆ ಹೋದ ಮೇಲೆ ಗೋಡೆಯ ಗೂಡುಗಳನ್ನು ಖಾಲಿ ಮಾಡಿದೆ. ಒಂದು ಗೂಡಿನಲ್ಲಿ ಪಿಂಗಾಣಿ ಬಟ್ಟಲು ಇತ್ತು. ನೀಲಿ ಹೂವು, ಒಳಗೆ ಕೆಂಪು ಗೆರೆ. ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ತಿರುಗಿಸಿ ನೋಡಿದರೆ ಬಿರುಕು. ಬಿರುಕಿನ ಅಡ್ಡಕ್ಕೆ ಕಬ್ಬಿಣದ ತಂತಿಯ ಸಣ್ಣ ಸಣ್ಣ ಕೊಂಡಿ, ಆಪರೇಷನ್ ಆದವರ ಹೊಟ್ಟೆಯ ಮೇಲೆ ಇರುವ ಹಾಗೆ. ನಮ್ಮಲ್ಲಿ ಒಡೆದ ಪಾತ್ರೆ ಮನೆಯೊಳಗೆ ಇಡಬಾರದು. ಒಡೆದದ್ದು ಇದ್ದರೆ ಮನೆಯೂ ಒಡೆಯುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಹೊಸದಾಗಿ ಮಾಡುವ ಮನೆ, ನಾಲ್ಕು ಜನ ಬಂದು ಉಳಿಯುವ ಜಾಗ. ಒಳ್ಳೆಯದಕ್ಕೇ ಎಂದು ಬೀದಿ ತಿರುವಿನ ಮುನ್ಸಿಪಾಲಿಟಿ ತೊಟ್ಟಿಗೆ ಹಾಕಿ ಬಂದೆ.

ಮಾಮಾ ಬಂದಾಗ ನಾನೇ ಹೇಳಿದೆ. ಯಾರೂ ಕೇಳಿರಲಿಲ್ಲ. "ಮಾಮಾ, ಒಡೆದ ಬಟ್ಟಲು ತೆಗೆದು ಹಾಕಿದೆ. ನಮ್ಮ ಊರಲ್ಲಿ ಅದು ಒಳ್ಳೆಯದಲ್ಲ."

ಅವರು ಗೂಡನ್ನು ನೋಡಿದರು. ಬೈಯಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತರು. ನಿತ್ಯ ಕೂರುವ ಜಾಗದಲ್ಲಿ ಅಲ್ಲ, ಅಲ್ಲೇ, ಚಪ್ಪಲಿ ಬಿಡುವಲ್ಲಿ.

ಆಮೇಲೆ ನಾನು ಓಡಿದೆ. ಲಾರಿ ಬಂದಿರಲಿಲ್ಲ. ತೊಟ್ಟಿಯೊಳಗೆ ಇಳಿದೆ. ಪೆಪ್ಸಿ ಡಬ್ಬ, ಕೋಳಿ ರೆಕ್ಕೆ, ಮಕ್ಕಳ ಡಯಾಪರ್. ಬಟ್ಟಲು ಐದು ತುಂಡಾಗಿತ್ತು. ಕೊಂಡಿಗಳು ಕಿತ್ತು ಹೋಗಿದ್ದವು, ಅವನ್ನೂ ಹುಡುಕಿ ಜೇಬಿಗೆ ಹಾಕಿಕೊಂಡೆ, ಯಾಕೆಂದು ಗೊತ್ತಿಲ್ಲ. ಎಂಟು ಸಿಕ್ಕಿದವು.

ಮಾಮಾ ತಲೆಯ ಬಟ್ಟೆಯ ತುದಿ ಹರಡಿ ತುಂಡುಗಳನ್ನು ಒಂದೊಂದೇ ಇಟ್ಟು ಹೊಂದಿಸಿದರು. ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ಖಾಲಿ ಉಳಿಯಿತು.

"ನನ್ನ ಅಜ್ಜಿ ಏನಾದ್ರೂ ಬಿದ್ದು ಒಡೆದ್ರೆ ಮೊದಲು ತುಂಡು ಎಣಿಸುತ್ತಿದ್ದಳು" ಅಂದರು. "ಎಲ್ಲ ತುಂಡು ಇದ್ರೆ ಅದು ಒಡೆದ ಹಾಗೆ ಅಲ್ಲ."

ಮತ್ತೆ ತೊಟ್ಟಿಗೆ ಹೋದೆ. ಲಾರಿ ಬಂದು ಹೋಗಿತ್ತು.

ನವೆಂಬರ್ 12, ಮಂಗಳವಾರ

ಅರ್ಬಾಬ್ ಬಂದರು. ಅವರೂ ಬೈಯಲಿಲ್ಲ. ಇವರೆಲ್ಲ ಬೈದಿದ್ದರೆ ಒಳ್ಳೆಯದಿತ್ತು. ಅವರು ಹೇಳಿದ್ದು ಇಷ್ಟೇ: ಬಟ್ಟಲು ಅದರ ಗೂಡಿನಲ್ಲಿ ಇರಬೇಕು, ಆಮೇಲೆ ಲೆಟರ್.

ಕೊರಗಪ್ಪಣ್ಣನಿಗೆ ಮಾತ್ರ ಹಬ್ಬ. "ಕುಂಡೆ ಅಡಿಯಲ್ಲಿ ಇರುವೆ ಗೂಡು ಇಟ್ಕೊಂಡು ಹುಟ್ಟಿದವ ನೀನು. ಎರಡು ನಿಮಿಷ ಕೂತು ನೋಡಿದ್ರೆ ತಂತಿ ಯಾಕೆ ಹಾಕಿದ್ದಾರೆ ಅಂತ ಅರ್ಥ ಆಗ್ತಿತ್ತು ಮಾರಾಯ. ಬೇಡ ಅಂತಿದ್ರೆ ಹೊಲೀತಾರಾ?"

"ಆಯ್ತಣ್ಣ, ಗಮ್ ಹಾಕಿ ಅಂಟಿಸ್ತೇನೆ. ಹತ್ತು ನಿಮಿಷದ ಕೆಲಸ."

"ಹೌದು, ನಿಂದೆಲ್ಲ ಹತ್ತು ನಿಮಿಷದ್ದೇ."

ನವೆಂಬರ್ 13, ಬುಧವಾರ

ಹತ್ತು ನಿಮಿಷವೂ ಬೇಕಾಗಲಿಲ್ಲ. ನಮ್ಮ ಅಂಗಡಿಯ ಸೂಪರ್ ಗ್ಲೂ, ಎರಡು ಟ್ಯೂಬ್. ದೂರದಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಗೂಡಿನಲ್ಲಿಟ್ಟು ಫೋಟೊ ತೆಗೆದು ಅರ್ಬಾಬರಿಗೆ ಕಳಿಸಿದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಶೈಲೇಶಣ್ಣನಿಗೂ ಹೇಳಿದೆ, ಲೆಟರ್ ಈ ವಾರವೇ ಸಿಗಬಹುದು ಎಂದು.

ಸಂಜೆ ಮಾಮಾ ಬಟ್ಟಲು ಕೆಳಗಿಳಿಸಿ, ಫ್ಲಾಸ್ಕಿನಿಂದ ಕುದಿಯುವ ನೀರು ಅದಕ್ಕೆ ಹೊಯ್ದರು. ಚಹಾ ಕುಡಿಯಲು ಲೋಟ ತೊಳೆಯುವ ಹಾಗೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಿಕ್ ಎಂದಿತು. ಇನ್ನೊಂದು ಟಿಕ್. ಐದು ತುಂಡೂ ಬಾಳೆಹೂವಿನ ಎಸಳಿನಂತೆ ಬಿಚ್ಚಿಕೊಂಡು ನೀರು ಚಾಪೆಗೆ ಹರಿಯಿತು.

"ಅಂಟಿಸಿದ್ದು ನೋಡಲಿಕ್ಕೆ" ಅಂದರು ಮಾಮಾ. "ಹೊಲಿದದ್ದು ಉಣ್ಣಲಿಕ್ಕೆ."

"ಮಾಮಾ, ಇದು ಬರೀ ನೋಡಲಿಕ್ಕೇ ಇಡುವುದಲ್ವಾ? ಗೆಸ್ಟ್ ಬಂದು ಫೋಟೊ ತೆಗೀತಾರೆ, ಹೋಗ್ತಾರೆ."

"ಅದು ನನ್ನ ಮಗನ ಲೆಕ್ಕ. ನನ್ನದು ಹಾಗಲ್ಲ."

ಅವರ ಚಿಕ್ಕಂದಿನಲ್ಲಿ ವರ್ಷಕ್ಕೊಮ್ಮೆ, ಖರ್ಜೂರ ಕೊಯ್ಯುವ ಹೊತ್ತಿಗೆ, ಬಲೂಚಿ ಒಬ್ಬ ಬರುತ್ತಿದ್ದನಂತೆ. ಮರದ ಕೆಳಗೆ ಕೂತು ಇಡೀ ಬೀದಿಯ ಬಟ್ಟಲು ಹೊಲಿಯುವುದು. ಕೂಲಿ ಒಂದು ಬುಟ್ಟಿ ಖರ್ಜೂರ. ಈಗ ಆ ಕೆಲಸದವರು ಯಾರೂ ಇಲ್ಲ. ಮಾಮಾ ಹಾಗೆ ಹೇಳಿ ನನ್ನ ಕೈ ನೋಡಿದರು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ. ಜೇಬಿನಲ್ಲಿ ಆ ಎಂಟು ಕೊಂಡಿಗಳು.

ನವೆಂಬರ್ 15, ಶುಕ್ರವಾರ

ರಜೆ. ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಒಡೆದ ಪಾತ್ರೆ ಮನೇಲಿ ಇಡಬಾರದು ಅಲ್ವಾ?"

"ಯಾರು ಹೇಳಿದ್ದು ನಿನಗೆ?"

"ನೀವೇ. ಅಜ್ಜಿ."

"ಎಂತದು ಇಲ್ಲ. ನೆಂಟರಿಗೆ ಒಡೆದದ್ರಲ್ಲಿ ಬಡಿಸಬಾರದು ಅಂತ ಹೇಳಿದ್ದು. ಮಣ್ಣಿನ ಅಳಗೆ ಒಡೆದ್ರೆ ಅಜ್ಜಿ ಅದರ ಅಡಿ ತೆಗೆದಿಟ್ಟು ಅದ್ರಲ್ಲೇ ಓಡುದೋಸೆ ಹೊಯ್ತಿದ್ರು. ನೀನು ಎಷ್ಟು ತಿಂದಿದ್ದಿ. ಅದಕ್ಕೆ ಓಡು ಅಂತ ಯಾಕೆ ಹೇಳುದು ಅಂದ್ಕೊಂಡಿದ್ದಿ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಯಾಕೆ, ಅಲ್ಲಿ ಎಂತ ಒಡೆದು ಹಾಕಿದ್ದಿ?"

"ಏನಿಲ್ಲ."

"ನನ್ನ, ಈ ಲೋಲಾಕ್ಷಿಯ, ಮಗ ಏನಿಲ್ಲ ಅಂದ್ರೆ ಏನೋ ಉಂಟು ಅಂತ ಅರ್ಥ. ನಿನಗೆ ಅರ್ಧ ಕೇಳಿ ಓಡಿ ಅಭ್ಯಾಸ. ಉಳಿದರ್ಧ ಯಾವಾಗ ಕೇಳ್ತಿ?"

ನವೆಂಬರ್ 16, ಶನಿವಾರ

ಏಸಿ ರಿಪೇರಿ ಮಾಡುವ ಬಾಸಿಲ್ ಪೊರ್ಬುಗಳ ಹತ್ತಿರ ಹೋದೆ. ಉಡುಪಿಯವರು, ಕ್ರಿಶ್ಚಿಯನ್ನರನ್ನು ನಾವು ಮರ್ಯಾದೆಗೆ ಪೊರ್ಬುಗಳು ಅನ್ನುವುದು, ಇಲ್ಲಿ ಇಪ್ಪತ್ತು ವರ್ಷ. ಪೆನ್ನಿನಷ್ಟು ದಪ್ಪದ ಸಣ್ಣ ಡ್ರಿಲ್ ಮೆಷಿನ್ ಅವರ ಹತ್ತಿರ ಇದೆ. ಬಟ್ಟಲಿನ ತುಂಡು ತಿರುಗಿಸಿ ತಿರುಗಿಸಿ ನೋಡಿದರು.

"ಮೆಷಿನ್ ಕೊಡ್ತೇನೆ. ಆದ್ರೆ ನನ್ನ ಡ್ರಿಲ್ ಮೊನೆ ಇದಕ್ಕೆ ಆಗುದಿಲ್ಲ. ಪಿಂಗಾಣಿ ಅಲ್ವಾ, ಹಲ್ಲಿನ ಹಾಗೆ. ರೋಸಲಿಂಡ್, ಇಲ್ಲಿ ಬಾ."

ಅವರ ಹೆಂಡತಿ ರೋಸಲಿಂಡ್ ಹಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್. ತೇದು ಹೋದ ಡ್ರಿಲ್ ಮೊನೆಗಳನ್ನು ಅಲ್ಲಿ ಎಸೆಯುತ್ತಾರಂತೆ. ಇವರು ಡಾಕ್ಟರನ್ನು ಕೇಳಿ, ಕುದಿಸಿ, ಒಂದು ಔಷಧಿ ಡಬ್ಬದಲ್ಲಿ ತುಂಬಿಸಿ ಇಟ್ಟಿದ್ದಾರೆ. "ಯಾವುದಕ್ಕಾದ್ರೂ ಆಗ್ತದೆ ಅಂತ ಇಟ್ಟದ್ದು. ಆರು ವರ್ಷ ಆಯ್ತು, ಇವತ್ತು ಆಯ್ತು ನೋಡಿ" ಎಂದು ಗಂಡನ ಕಡೆ ತಿರುಗಿ ಹೇಳಿದರು.

"ಈಗ ಇಡೀ ತಿಂಗಳು ಇದನ್ನೇ ಹೇಳ್ತಾಳೆ" ಅಂದರು ಪೊರ್ಬುಗಳು. "ಇಗೊ ಸುಕೇಶ, ಎಷ್ಟು ಜನರ ಹಲ್ಲು ಕೊರೆದ ಮೊನೆ ಇದು. ಬಟ್ಟಲು ‘ಆ’ ಅಂತ ಬಾಯಿ ತೆರೆದ್ರೆ ಹೆದರ್ಬೇಡ."

ತುಂಡನ್ನು ನೀರಿನೊಳಗೆ ಹಿಡಿದು ಕೊರೆಯಬೇಕಂತೆ, ಇಲ್ಲದಿದ್ದರೆ ಬಿಸಿಗೆ ಸೀಳುತ್ತದೆ. ತೂತು ಆಚೆಗೆ ದಾಟಬಾರದು, ಅರ್ಧ ದಪ್ಪಕ್ಕೆ ನಿಲ್ಲಬೇಕು. ಮೊದಲು ಬೇರೆ ಏನಾದರೂ ಒಡೆದು ಕಲಿ ಅಂದರು.

ನವೆಂಬರ್ 17, ಭಾನುವಾರ

ಅಂಗಡಿಯ ಡ್ಯಾಮೇಜ್ ಪೆಟ್ಟಿಗೆಯಿಂದ ಬಾಯಿ ಮುಕ್ಕಾದ ಮಗ್ಗುಗಳನ್ನು ತೆಗೆದುಕೊಂಡೆ. ಐದು ಹಾಳು. ಮೂರರಲ್ಲಿ ತೂತು ದಾಟಿತು, ಎರಡು ಸೀಳಿತು.

ನವೆಂಬರ್ 19, ಮಂಗಳವಾರ

ಇನ್ನೂ ಆರು ಹಾಳು. ಹನ್ನೊಂದನೆಯದನ್ನು ಗೋಡೆಗೆ ಬಿಸಾಡಿದೆ. ಮಾಮಾ ಕೂತಲ್ಲಿಂದಲೇ, "ಎಣಿಸು" ಅಂದರು. ಎಣಿಸಲಿಲ್ಲ. ಹೊರಗೆ ಹೋಗಿ ತೋಟಗಳಿಗೆ ನೀರು ಹರಿಯುವ ಫಲಜ್ ಕಾಲುವೆಯ ಉದ್ದಕ್ಕೆ ಒಂದು ಗಂಟೆ ನಡೆದೆ. ಡಿಸೆಂಬರ್ ಒಂದಕ್ಕೆ ಹನ್ನೆರಡು ದಿನ. ಆ ಬಲೂಚಿ ಯಾವನೋ, ಸಿಕ್ಕಿದರೆ ಕೇಳುತ್ತಿದ್ದೆ, ನಿನಗೆ ಬೇರೆ ಕೆಲಸ ಸಿಗಲಿಲ್ಲವಾ ಎಂದು.

ನವೆಂಬರ್ 21, ಗುರುವಾರ

ಇವತ್ತು ಒಂದು ವಿಷಯ ಗೊತ್ತಾಯಿತು, ಬರೆದಿಡಬೇಕು.

ಕರೆಂಟ್ ಹೋಗಿತ್ತು, ಮೆಷಿನ್ ಇಲ್ಲ. ಸುಮ್ಮನೆ ಬಟ್ಟಲಿನ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು ಕೂತಿದ್ದೆ. ಹಳೇ ತೂತುಗಳು ನೇರ ಇಲ್ಲ. ಬಿರುಕಿನ ಕಡೆಗೆ ಸ್ವಲ್ಪ ಓರೆ. ಎರಡೂ ಬದಿಯ ತೂತುಗಳು ಒಂದರ ಮುಖ ಒಂದು ನೋಡುತ್ತವೆ. ಜೇಬಿನಿಂದ ಹಳೇ ಕೊಂಡಿ ತೆಗೆದು ನೋಡಿದೆ. ಅದರ ಎರಡು ಕಾಲೂ ಒಳಕ್ಕೆ ಬಾಗಿವೆ, ಮತ್ತು ಕಾಲುಗಳ ಅಂತರ ತೂತುಗಳ ಅಂತರಕ್ಕಿಂತ ಕೂದಲೆಳೆ ಕಡಿಮೆ. ಅಂದರೆ ಅವನು ಎಳೆದು ಹಿಗ್ಗಿಸಿ ಸಿಕ್ಕಿಸಿದ್ದಾನೆ. ತಂತಿ ಮತ್ತೆ ಕುಗ್ಗಲು ನೋಡುತ್ತದೆ, ಆಗಲಿಲ್ಲ ಎಂದು ಎರಡೂ ತುಂಡನ್ನು ಹತ್ತಿರ ಎಳೆದು ಹಿಡಿಯುತ್ತದೆ. ಗಮ್ಮೇ ಬೇಡ. ಆ ಎಳೆತವೇ ಸಾಕು. ನಾನು ಮಗ್ಗಿನಲ್ಲಿ ನೇರ ಕೊರೆದು, ಸರಿ ಅಳತೆಯ ತಂತಿ ಹಾಕುತ್ತಿದ್ದೆ. ಅದಕ್ಕೇ ಅಲ್ಲಾಡುತ್ತಿತ್ತು.

ಒಂದು ಕಡೆ ಅವನೂ ತಪ್ಪಿದ್ದಾನೆ. ಒಂದು ತೂತು ಅರ್ಧಕ್ಕೆ ಬಿಟ್ಟು ಪಕ್ಕದಲ್ಲಿ ಇನ್ನೊಂದು ಕೊರೆದಿದ್ದಾನೆ. ನೋಡಿ ನಗು ಬಂತು. ಮಾಮಾಗೂ ತೋರಿಸಿದೆ. ಅವರಿಗೆ ಕಣ್ಣು ಸರಿ ಕಾಣುವುದಿಲ್ಲ, ಬೆರಳು ಹಿಡಿದು ಮುಟ್ಟಿಸಿದೆ. ಎಪ್ಪತ್ತು ವರ್ಷ ಆ ಬಟ್ಟಲಲ್ಲಿ ಉಂಡರೂ ಗೊತ್ತಿರಲಿಲ್ಲವಂತೆ.

ಹಳೇ ಬಿರುಕಿಗೆ ಹಳೇ ತೂತುಗಳೇ ಸಾಕು. ಹೊಸ ಬಿರುಕು ಎರಡು, ಅವಕ್ಕೆ ಎಂಟು ಹೊಸ ತೂತು. ಹಳೇ ಕೊಂಡಿಗಳು ತುಕ್ಕು ಹಿಡಿದಿವೆ. ಪೊರ್ಬುಗಳು ಹಿತ್ತಾಳೆ ತಂತಿ ಕೊಟ್ಟಿದ್ದಾರೆ.

ಕರೆಂಟ್ ಯಾವಾಗ ಬಂತೋ ಗೊತ್ತಿಲ್ಲ.

ನವೆಂಬರ್ 24, ಭಾನುವಾರ

ಹನ್ನೆರಡನೇ ಮಗ್ ನಿಂತಿತು. ನೀರು ಹಾಕಿದರೆ ಸೋರುವುದಿಲ್ಲ. ಕೊರಗಪ್ಪಣ್ಣ ಅದರಲ್ಲೇ ಚಹಾ ಕುಡಿದು, "ತಂತಿ ಮೂಗಿಗೆ ತಾಗ್ತದೆ" ಅಂದರು. ಮಗ್ ವಾಪಸ್ ಕೊಡಲಿಲ್ಲ.

ನವೆಂಬರ್ 26, ಮಂಗಳವಾರ

ಬಟ್ಟಲಿನ ಹಳೇ ಬಿರುಕು ಮುಗಿಯಿತು. ಚಹಾಕ್ಕೆ ಹೋಗಲು ಮರೆತೆ.

ನವೆಂಬರ್ 28, ಗುರುವಾರ

ಅರ್ಬಾಬ್ ಲೆಟರ್ ತಂದುಕೊಟ್ಟರು. ಸೀಲ್, ಸೈನ್ ಎಲ್ಲ ಇದೆ.

ಬಟ್ಟಲು ಇನ್ನೂ ಆಗಲಿಲ್ಲ ಎಂದೆ. ಅವರು ಕಾರಿನಿಂದ ಒಂದು ಪೆಟ್ಟಿಗೆ ತೆಗೆದರು. ಒಳಗೆ ಒಂದು ಬಟ್ಟಲು, ನೀಲಿ ಹೂವು, ಹೆಚ್ಚು ಕಡಿಮೆ ಅದೇ ಥರ. ಹಳೇ ಸಾಮಾನಿನ ಅಂಗಡಿಯಿಂದ ಅಂತೆ. ಒಂದೂ ಬಿರುಕಿಲ್ಲ. "ಗೂಡಿಗೆ ಇದು ಸಾಕು. ಐದಕ್ಕೆ ಗೆಸ್ಟ್. ನಿನಗೆ ಭಾನುವಾರ ವ್ಯಾನ್ ಅಲ್ವಾ? ಕೋಣೆ ಚೆನ್ನಾಗಿ ಮಾಡಿದ್ದಿ. ಯಲ್ಲಾ, ಹೋಗಿ ಬಾ" ಎಂದು ಕೈ ಕುಲುಕಿದರು. ಅಷ್ಟೇ. ಇಷ್ಟು ದಿನ ಬೇಡಿದ್ದು ಒಂದು ನಿಮಿಷದಲ್ಲಿ ಸಿಕ್ಕಿತು.

ಶೈಲೇಶಣ್ಣನಿಗೆ ಲೆಟರಿನ ಫೋಟೊ ಕಳಿಸಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಸೂಕಿನ ಹತ್ತಿರದ ರೌಂಡ್‌ಅಬೌಟ್. ವ್ಯಾನು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಬಟ್ಟಲಿಗೆ ನಾಲ್ಕು ಕೊಂಡಿ ಮಾತ್ರ ಬಾಕಿ. ನಾಳೆ ರಜೆ ತಾನೇ, ಹಾಕಿಬಿಡುತ್ತೇನೆ.

ನವೆಂಬರ್ 29, ಶುಕ್ರವಾರ

ಬ್ಯಾಗ್ ಕಟ್ಟಿದೆ. ಮೂರು ಕೊಂಡಿ ಹಾಕಿದೆ. ಅಂಚಿನ ಖಾಲಿ ಜಾಗಕ್ಕೆ ಮಾಮಾ ಹೇಳಿದ ಹಾಗೆ ಸುಣ್ಣ, ಮೊಟ್ಟೆಯ ಬಿಳಿ, ಸ್ವಲ್ಪ ಹತ್ತಿ ಅರೆದು ತುಂಬಿಸಿದೆ. ನೆರಳಲ್ಲೇ ಒಣಗಬೇಕು. ಅಲ್ಲಿವರೆಗೆ ಉಳಿದ ಕೊಂಡಿ ಮುಟ್ಟುವ ಹಾಗಿಲ್ಲ. ನಾಳೆ.

ನವೆಂಬರ್ 30, ಶನಿವಾರ

ಸುಣ್ಣ ಇನ್ನೂ ಹಸಿ. ಮೊಟ್ಟೆ ಹೆಚ್ಚಾಯಿತು ಅನಿಸುತ್ತದೆ. ಮಾಮಾ ಹೇಳಿದ್ದು ಒಂದು ಮೊಟ್ಟೆ, ನಾನು ಬೇಗ ಹಿಡಿಯಲಿ ಎಂದು ಎರಡು ಹಾಕಿದ್ದೆ. ಸಂಜೆಯವರೆಗೆ ಮೂರು ಸಲ ಹೋಗಿ ನೋಡಿದೆ. ಮಾಮಾ, "ನೋಡಿದ್ರೆ ಒಣಗ್ತದಾ?" ಅಂದರು.

ನಾಳೆ ಐದಕ್ಕೇ ಎದ್ದು ಹೋದರೆ ಒಂದು ಕೊಂಡಿ ಹಾಕಲು ಅರ್ಧ ಗಂಟೆ. ಅಲ್ಲಿಂದ ರೌಂಡ್‌ಅಬೌಟ್ ಐದು ನಿಮಿಷ. ಬ್ಯಾಗ್ ಜೊತೆಗೇ ಒಯ್ಯುತ್ತೇನೆ.

ಡಿಸೆಂಬರ್ 1, ಭಾನುವಾರ

ವ್ಯಾನು ಹೋಯಿತು.

ಬರೆದಿಡುತ್ತೇನೆ, ನಾಳೆ ಯಾರಾದರೂ ಕೇಳಿದರೆ ಹೇಳಲು ಬೇಕು. ಐದೂಕಾಲಿಗೆ ಹಳೇ ಮನೆಯಲ್ಲಿದ್ದೆ. ಬ್ಯಾಗ್ ಬಾಗಿಲಲ್ಲಿ ಇಟ್ಟೆ. ಸುಣ್ಣ ಕಲ್ಲಾಗಿತ್ತು. ಕೊನೆಯ ಕೊಂಡಿ ಇಡೀ ಬಟ್ಟಲನ್ನು ಬಿಗಿಯುವುದು, ಅದು ಇಲ್ಲದಿದ್ದರೆ ಮೊದಲಿನ ಮೂರೂ ದಂಡ. ಒಂದು ತೂತು ಆಳ ಸಾಲಲಿಲ್ಲ. ನೀರು ತಂದು ಮತ್ತೆ ಕೊರೆದೆ. ತಂತಿಯನ್ನು ಲೈಟರಿನಲ್ಲಿ ಬಿಸಿ ಮಾಡಿ ಹಿಗ್ಗಿಸಿ ಹಿಡಿದಾಗ ಫೋನ್ ಬಂತು. ಆ ಹೊತ್ತಿಗೆ ಫೋನ್ ತೆಗೆಯುವ ಹಾಗಿಲ್ಲ. ಒಂದು ಕಾಲು ಸಿಕ್ಕಿತ್ತು, ಇನ್ನೊಂದು ತೂತಿನ ಬಾಯಿಯಲ್ಲಿತ್ತು. ಬಿಟ್ಟರೆ ತಂತಿ ತಣಿಯುತ್ತದೆ, ತಣಿದರೆ ಹಿಗ್ಗುವುದಿಲ್ಲ, ಎಳೆದರೆ ಅಂಚು ಮುರಿಯುತ್ತದೆ. ಫೋನ್ ನಿಂತು ಮತ್ತೆ ಹೊಡೆಯಿತು. ಮತ್ತೆ ನಿಂತಿತು. ಕೊಂಡಿ ಟಕ್ ಎಂದು ಕೂತಿತು.

ಆಗ ಆರೂ ಇಪ್ಪತ್ತು. ಓಡಿದೆ. ರೌಂಡ್‌ಅಬೌಟಿನಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇರಲಿಲ್ಲ.

ಶೈಲೇಶಣ್ಣ ಬೈದದ್ದನ್ನು ಬರೆಯುವುದಿಲ್ಲ. ಕೊನೆಗೆ ಕೇಳಿದ, "ಸತ್ಯ ಹೇಳು, ಮಲಗಿದ್ದಿಯಾ?"

"ಇಲ್ಲಣ್ಣ. ಒಂದು ಬಟ್ಟಲು ಹೊಲಿಲಿಕ್ಕಿತ್ತು."

"ಬಟ್ಟಲು?"

"ಹೌದು."

ಆ ಜಾಗಕ್ಕೆ ಪುತ್ತೂರಿನ ಒಬ್ಬನನ್ನು ತೆಗೆದುಕೊಂಡರಂತೆ. ಇನ್ನು ಯಾವಾಗ ಜಾಗ ಬರುತ್ತದೋ ಹೇಳಲಾಗದು. ಎಲ್ಲ ಆ ಎರಡನೇ ಮೊಟ್ಟೆಯಿಂದ. ಒಂದೇ ಹಾಕಿದ್ದರೆ ಶನಿವಾರವೇ ಒಣಗುತ್ತಿತ್ತು.

ಕೊರಗಪ್ಪಣ್ಣ ಬ್ಯಾಗ್ ನೋಡಿದರು. "ಹೊರಗೆ ಬಕೆಟ್ ಜೋಡಿಸು" ಅಂದರು.

ಡಿಸೆಂಬರ್ 3, ಮಂಗಳವಾರ

ಸುಣ್ಣಕ್ಕೆ ಇನ್ನೆರಡು ದಿನ ಇರಲಿ ಎಂದಿದ್ದರು ಮಾಮಾ. ಇವತ್ತು ಕುದಿಯುವ ನೀರು ಹೊಯ್ದರು. ನಾನು ಬಾಗಿಲಲ್ಲೇ ನಿಂತೆ, ಹತ್ತಿರ ಹೋಗಲಿಲ್ಲ. ಟಿಕ್ ಎನ್ನುತ್ತದೆ ಎಂದು ಕಾದೆ. ಎನ್ನಲಿಲ್ಲ. ಮಾಮಾ ಬಟ್ಟಲನ್ನು ಎತ್ತಿ ಅಡಿಗೆ ಅಂಗೈ ಒತ್ತಿದರು. ಅಂಗೈ ನನಗೆ ತೋರಿಸಿದರು. ಒಣಗಿತ್ತು.

ಆಮೇಲೆ ನೀರು ಚೆಲ್ಲಿ ಲಬನ್ ಹೊಯ್ದರು, ಉಪ್ಪು ಹಾಕಿದ ಮಜ್ಜಿಗೆ. ಎರಡು ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಅಮ್ಮ ಹೇಳಿದ್ದು ನೆನಪಾಯಿತು, ನೆಂಟರಿಗೆ ಒಡೆದದ್ದರಲ್ಲಿ ಕೊಡಬಾರದು ಎಂದು. ನಾನು ನೆಂಟ ಏನಲ್ಲವಲ್ಲ. ಕುಡಿದೆ. ಸುಣ್ಣ ತುಂಬಿದ ಜಾಗ ತುಟಿಗೆ ಸ್ವಲ್ಪ ಒರಟು ಸಿಗುತ್ತದೆ. ಅದನ್ನು ಇನ್ನೂ ಉಜ್ಜಬೇಕು.

ಗೂಡಿನಲ್ಲಿ ಅರ್ಬಾಬ್ ತಂದ ಬಟ್ಟಲೇ ಇದೆ. ಅದನ್ನು ತೆಗೆದು ಇದನ್ನು ಇಡಲು ಹೋದೆ. ಮಾಮಾ ಬಿಡಲಿಲ್ಲ. "ಅದು ಅಲ್ಲೇ ಕೂತಿರ್ಲಿ, ಅದಕ್ಕೆ ಬೇರೆ ಕೆಲಸ ಬರುದಿಲ್ಲ" ಎಂದು ಇದನ್ನು ತಲೆಬಟ್ಟೆಯಲ್ಲಿ ಸುತ್ತಿ ತನ್ನ ಮನೆಗೆ ಒಯ್ದರು. ಗೆಸ್ಟುಗಳು ಇದನ್ನು ನೋಡುವುದೇ ಇಲ್ಲ. ನಾನು ಫೋಟೊ ಸಹ ತೆಗೆದಿಲ್ಲ.

ಹೋಗುವಾಗ ಮಾಮಾ ಒಂದು ಹಿತ್ತಾಳೆ ಕಾಫಿ ಹೂಜಿಯನ್ನು ನನ್ನ ಮುಂದೆ ಇಟ್ಟು ಹೋದರು. ಅದರ ಕೊಕ್ಕು ಅರ್ಧ ಕಿತ್ತಿದೆ. ಮೊದಲು ಯಾರೋ ಬೆಸುಗೆ ಹಾಕಿದ್ದಾರೆ, ತಪ್ಪು ಕಡೆಗೆ ಹಾಕಿದ್ದಾರೆ, ಅದಕ್ಕೇ ಮತ್ತೆ ಬಿಟ್ಟಿದೆ. ಒಳಗಿನಿಂದ ಒಂದು ಪಟ್ಟಿ ಕೊಟ್ಟರೆ ನಿಲ್ಲಬಹುದು. ಪೊರ್ಬುಗಳನ್ನು ಕೇಳಬೇಕು. ಇದಾದ ಮೇಲೆ ಶೈಲೇಶಣ್ಣನಿಗೆ ಇನ್ನೊಮ್ಮೆ ಫೋನ್ ಮಾಡುತ್ತೇನೆ. ಇಲ್ಲಿ ಹೀಗೇ ಕೂತರೆ ಆಗುವುದಿಲ್ಲ.

ಕೊಕ್ಕಿನ ಅಳತೆ ಬರೆದುಕೊಳ್ಳಲು ಕಾಗದ ಬೇಕಿತ್ತು. ಡೈರಿ ರೂಮಿನಲ್ಲಿತ್ತು. ಜೇಬಿನಲ್ಲಿ ಆ ರಿಲೀಸ್ ಲೆಟರ್ ಸಿಕ್ಕಿತು. ಒಳ್ಳೇ ದಪ್ಪ ಕಾಗದ, ಹಿಂಬದಿ ಪೂರ್ತಿ ಖಾಲಿ ಇತ್ತು. ಅದರ ಮೇಲೆ ಕೊಕ್ಕು ಇಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದೆ.